ಸ್ಪರ್ಶದಿಂದ ಮೋಕ್ಷದವರೆಗೆ: ಗ್ರಹಣದ ಅವಧಿಗಳನ್ನು ಸ್ಟೆಲೇರಿಯಂನಲ್ಲಿ ಕಮಾಂಡ್ ಬರೆದು ತೋರಿಸುವುದು ಹೇಗೆ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣ ಮೋಡದಿಂದಾಗಿ ನಮ್ಮ ಮಕ್ಕಳಿಗೆ ಕಾಣಲಿಲ್ಲ. ಅದನ್ನು ಪ್ರೊಜೆಕ್ಟರ್ ಹಾಕಿ, ಆಕಾಶ ತೋರಿಸುವ ಕಂಪ್ಯೂಟರ್ ತಂತ್ರಾಂಶ ಸ್ಟೆಲೇರಿಯಂನಲ್ಲಿ ತೋರಿಸಬೇಕು ಅಂತಿದ್ದೇನೆ. ಯಾವ ಹಂತ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಅಂತ ಪರದೆಯ ಮೇಲೆ ಬರಬೇಕು. ಒಂದು ಮುಗಿದ ಮೇಲೆ ಇನ್ನೊಂದು ತಾನಾಗಿ ಶುರುವಾಗಬೇಕು. ಮೌಸ್ ಹಿಡಿದು ಹಿಂದೆ ಮುಂದೆ ಮಾಡಿದರೆ ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ಕಮಾಂಡ್ ಬರೆದು ಎರಡು ಸಲ ಪ್ರಯತ್ನಿಸಿದೆ. ಆದರೆ ರಾತ್ರಿ 9:57 ಅಂತ ಕೊಟ್ಟರೂ, 11:01 ಅಂತ ಕೊಟ್ಟರೂ ಚಂದ್ರ ಪೂರ್ತಿ ಬೆಳ್ಳಗೇ ಇರುತ್ತಾನೆ. ಎಲ್ಲಿ ತಪ್ಪಿದೆ?

ಉತ್ತರ: ಅಕ್ಕೋರೇ, ನಮಸ್ಕಾರ.

ಮೊದಲು ಬೆಳ್ಳಗಿನ ಚಂದ್ರನ ವಿಷಯ ಮುಗಿಸೋಣ. ನೀವು ಬರೆದ ಕಮಾಂಡ್ ಸರಿ ಇದೆ. ಗಡಿಯಾರ ಮಾತ್ರ ಬೇರೆ. ಸ್ಟೆಲೇರಿಯಂನ 'ಸೆಟ್‌ಡೇಟ್' ಕಮಾಂಡಿಗೆ ಸುಮ್ನೆ ತಾರೀಖು, ಸಮಯ ಕೊಟ್ಟರೆ ಅದನ್ನು ಯುಟಿಸಿ ಎಂದು ಓದಿಕೊಳ್ಳುತ್ತದೆ. ಅಂದರೆ ಗ್ರೀನ್‌ವಿಚ್ ಕಡೆಯ ಸಮಯ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ನೀವು 21:57 ಬರೆದಿರಿ. ಅದು ನಮ್ಮಲ್ಲಿ ಬೆಳಗಿನ ಜಾವ 3:27 ಆಯಿತು. 23:01 ಬರೆದದ್ದು 4:31 ಆಯಿತು. ಆ ರಾತ್ರಿ ಗ್ರಹಣದ ಕೊನೆಯ ಮಸುಕು ಕೂಡ 2:25ಕ್ಕೆ ಮುಗಿದಿತ್ತು. ಹಾಗಾಗಿ ನಿಮಗೆ ಕಂಡದ್ದು ನಿಜವಾದ ಆಕಾಶವೇ, ಗ್ರಹಣ ಬಿಟ್ಟ ಮೇಲಿನದು.

ಸರಿಪಡಿಸುವುದು ಸುಲಭ. ಸಮಯ ಬರೆದ ಮೇಲೆ ಅಲ್ಪವಿರಾಮ ಹಾಕಿ, ಉದ್ಧರಣ ಚಿಹ್ನೆಯೊಳಗೆ 'ಲೋಕಲ್' ಎಂಬ ಇಂಗ್ಲಿಷ್ ಪದವನ್ನು ಚಿಕ್ಕಕ್ಷರದಲ್ಲಿ ಸೇರಿಸಿ. ಆಗ ಪರದೆಯ ಕೆಳಗಿನ ಪಟ್ಟಿಯಲ್ಲಿ ಸಮಯದ ಪಕ್ಕ ಯುಟಿಸಿ+05:30 ಎಂದು ಇದೆಯೇ ನೋಡಿ. ಇಲ್ಲದಿದ್ದರೆ ಎಫ್6 ಒತ್ತಿ, ಊರಿನ ಕಿಟಕಿಯಲ್ಲಿ ಟೈಮ್ ಝೋನ್ ಜಾಗಕ್ಕೆ ಏಷ್ಯಾ/ಕೋಲ್ಕತಾ ಆರಿಸಿ. ಇದನ್ನು ನೋಡಿಕೊಳ್ಳದೆ ಮುಂದೆ ಹೋಗಬೇಡಿ.

ನನಗೂ ಮೊದಲ ಸಲ ಇದೇ ಆಗಿತ್ತು. ಖಾನಾಪುರ ಕಡೆಯ ಒಂದು ಹಳ್ಳಿಯಲ್ಲಿ, ಜನವರಿ ತಿಂಗಳಲ್ಲಿ, ಸಂಜೆ 7 ಗಂಟೆಯ ಆಕಾಶ ಎಂದು ತೋರಿಸುತ್ತಿದ್ದೆ. ಪರದೆಯಲ್ಲಿ ಇದ್ದದ್ದು ನಡುರಾತ್ರಿ 12:30ರ ಆಕಾಶ. ಹಿಂದೆ ಕಂಬಳಿ ಹೊದ್ದು ಕೂತಿದ್ದ ಅಜ್ಜ ಒಬ್ಬರು ಎದ್ದು ಹೇಳಿದರು: "ತಮ್ಮಾ, ಆ ಸಾಲ ಮೂರು ಚುಕ್ಕಿ ಈಗ ಮೂಡಣಕ್ಕ ಅದಾವ, ಹೊರಗ ಬಂದು ನೋಡ. ನೀ ಪಡುವಣಕ್ಕ ತೋರಸಾಕತ್ತಿ." ಮಹಾವ್ಯಾಧ (ಓರಿಯನ್) ಪುಂಜದ ಆ ಮೂರು ನಕ್ಷತ್ರಗಳನ್ನು ಅವರು ಹೊಲ ಕಾಯುತ್ತಾ ಎಷ್ಟು ವರ್ಷ ನೋಡಿದ್ದರೋ! ಅಂದಿನಿಂದ ನಾನು ಪ್ರತಿ ಕಾರ್ಯಕ್ರಮಕ್ಕೂ ಮೊದಲು ಪರದೆಯನ್ನೂ ಹೊರಗಿನ ಆಕಾಶವನ್ನೂ ಒಮ್ಮೆ ಹೋಲಿಸಿ ನೋಡುತ್ತೇನೆ. ನೀವೂ ನೋಡಿ.

ಈಗ ಅವಧಿಗಳ ಮಾತು. ಇದೇ ನಿಮ್ಮ ಪ್ರಶ್ನೆಯ ತಿರುಳು.

ಸ್ಟೆಲೇರಿಯಂಗೆ 'ಅವಧಿ' ಎಂಬುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಕ್ಷಣ ಮಾತ್ರ. ಈ ಕ್ಷಣದಲ್ಲಿ ಆಕಾಶ ಹೇಗಿದೆ ಎಂದು ಕೇಳಿದರೆ ಹೇಳುತ್ತದೆ, ಅಷ್ಟೇ. ಅವಧಿಗೆ ಎರಡು ತುದಿ ಇವೆ, ಅಲ್ವಾ? ಶುರು ಮತ್ತು ಕೊನೆ. ಶುರುವಿಗೆ ಹಾರಿಸುವುದು, ಕೊನೆಯವರೆಗೆ ಓಡಿಸುವುದು, ಎಷ್ಟು ವೇಗದಲ್ಲಿ ಓಡಬೇಕು ಎಂದು ಹೇಳುವುದು, ಈ ಮೂರೂ ನಮ್ಮ ಕೆಲಸ. ಇದನ್ನು ಒಂದು ಪಟ್ಟಿಯಾಗಿ ಬರೆದುಕೊಂಡರೆ ಉಳಿದದ್ದೆಲ್ಲ ತಾನಾಗಿ ನಡೆಯುತ್ತದೆ.

ಪಟ್ಟಿಗೆ ಬೇಕಾದ ಹೆಸರುಗಳು ನಮ್ಮ ಮನೆ ಪಂಚಾಂಗದಲ್ಲೇ ಇವೆ. ಭೂಮಿಯ ದಟ್ಟ ನೆರಳು ಚಂದ್ರನನ್ನು ಮುಟ್ಟುವುದು ಸ್ಪರ್ಶ. ಚಂದ್ರ ಪೂರ್ತಿ ಮುಳುಗುವುದು ಸಮ್ಮೀಲನ. ಆಮೇಲೆ ಮಧ್ಯ. ಮತ್ತೆ ಅಂಚು ಬೆಳಗುವುದು ಉನ್ಮೀಲನ. ನೆರಳು ಪೂರ್ತಿ ಬಿಡುವುದು ಮೋಕ್ಷ. ಸೆಪ್ಟೆಂಬರ್ 7ರ ಭಾನುವಾರ, ಭಾದ್ರಪದ ಹುಣ್ಣಿಮೆಯ ರಾತ್ರಿ, ಸ್ಪರ್ಶ 9:57ಕ್ಕೆ, ಸಮ್ಮೀಲನ 11:01ಕ್ಕೆ, ಉನ್ಮೀಲನ 12:23ಕ್ಕೆ, ಮೋಕ್ಷ 1:26ಕ್ಕೆ. ಚಂದ್ರಗ್ರಹಣದ ಈ ಸಮಯಗಳು ಇಂಡಿಗೂ ಬೆಳಗಾವಿಗೂ ಒಂದೇ. ನೆರಳು ಬೀಳುವುದು ಚಂದ್ರನ ಮೇಲೆ, ಹಾಗಾಗಿ ಅವನು ಕಾಣುವ ಎಲ್ಲ ಊರಿಗೂ ಅದೇ ಕ್ಷಣ. ಸೂರ್ಯಗ್ರಹಣ ಹಾಗಲ್ಲ, ಅದು ಊರಿಂದ ಊರಿಗೆ ಬದಲಾಗುತ್ತದೆ.

ನಮಗೆ ಬೇಕಾದ ಅವಧಿಗಳು ಮೂರು. ಸ್ಪರ್ಶದಿಂದ ಸಮ್ಮೀಲನ, 64 ನಿಮಿಷ. ಸಮ್ಮೀಲನದಿಂದ ಉನ್ಮೀಲನ, 82 ನಿಮಿಷ. ಉನ್ಮೀಲನದಿಂದ ಮೋಕ್ಷ, 63 ನಿಮಿಷ. ಇದರ ಹಿಂದೆ ಮುಂದೆ ಸುಮಾರು ಒಂದೊಂದು ಗಂಟೆ ತೆಳು ನೆರಳಿನ ಹಂತ ಇದೆ, 8:58ರಿಂದ 9:57 ಮತ್ತು 1:26ರಿಂದ 2:25. ಆಗ ಚಂದ್ರ ಸ್ವಲ್ಪ ಮಂಕಾಗುತ್ತಾನೆ ಅಷ್ಟೇ. ಗೋಡೆಯ ಮೇಲೆ ಮಕ್ಕಳಿಗೆ ಅದು ಗೊತ್ತೇ ಆಗುವುದಿಲ್ಲ. ಬಿಟ್ಟುಬಿಡಿ.

ಇನ್ನು ಬರೆಯೋಣ. ಕಂಪ್ಯೂಟರ್‌ಗೆ ಇಳಿಸಿಕೊಂಡ ಸ್ಟೆಲೇರಿಯಂ ಬೇಕು. ಎಫ್12 ಒತ್ತಿದರೆ ಸ್ಕ್ರಿಪ್ಟ್ ಕನ್ಸೋಲ್, ಅಂದರೆ ಕಮಾಂಡ್ ಬರೆದು ಓಡಿಸುವ ಕಿಟಕಿ, ತೆರೆಯುತ್ತದೆ. ಅಲ್ಲಿ ಬರೆಯುವುದು ಜಾವಾಸ್ಕ್ರಿಪ್ಟ್ ಭಾಷೆ. ಕಮಾಂಡ್‌ಗಳನ್ನು ನಾನಿಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು. ಮೊದಲ ಪದ ಚಿಕ್ಕಕ್ಷರ, ಅದಕ್ಕೆ ಅಂಟಿಕೊಂಡ ಪದಗಳ ಮೊದಲಕ್ಷರ ದೊಡ್ಡದು. 'ಸೆಟ್‌ಡೇಟ್' ಎಂಬುದರಲ್ಲಿ ಎಸ್ ಚಿಕ್ಕದು, ಡಿ ದೊಡ್ಡದು. ಇದು ತಪ್ಪಿದರೆ ಕಮಾಂಡ್ ನಡೆಯುವುದಿಲ್ಲ. ಸಮಯ, ವೇಗ, ಕಾಯುವುದು, ಚಂದ್ರನನ್ನು ಆರಿಸುವುದು, ಇವಕ್ಕೆ ಸಂಬಂಧಿಸಿದ ಕಮಾಂಡ್‌ಗಳ ಶುರುವಿನಲ್ಲೆಲ್ಲ 'ಕೋರ್' ಎಂಬ ಪದ, ಆಮೇಲೆ ಒಂದು ಚುಕ್ಕಿ ಬರುತ್ತದೆ.

ತಾರೀಖು ಬರೆಯುವ ರೀತಿ: 2025-09-07, ಅದಕ್ಕೆ ಅಂಟಿಸಿ ದೊಡ್ಡಕ್ಷರದ ಟಿ, ಅದಕ್ಕೆ ಅಂಟಿಸಿ 21:57:00. ನಡುವೆ ಎಲ್ಲೂ ಜಾಗ ಬಿಡಬೇಡಿ.

ಮೊದಲು ಚಂದ್ರನನ್ನು ಹಿಡಿದು ನಿಲ್ಲಿಸಬೇಕು. 'ಸೆಲೆಕ್ಟ್‌ಆಬ್ಜೆಕ್ಟ್‌ಬೈನೇಮ್' ಕಮಾಂಡಿಗೆ ಚಂದ್ರನ ಇಂಗ್ಲಿಷ್ ಹೆಸರು ಮತ್ತು 'ಟ್ರೂ' ಕೊಡಿ. ಆಮೇಲೆ 'ಸ್ಟೆಲ್‌ಮೂವ್‌ಮೆಂಟ್‌ಎಂಜಿಆರ್' ಎಂಬುದರ ಮುಂದೆ ಚುಕ್ಕಿ ಇಟ್ಟು 'ಸೆಟ್‌ಫ್ಲ್ಯಾಗ್‌ಟ್ರ್ಯಾಕಿಂಗ್', ಅದಕ್ಕೂ 'ಟ್ರೂ'. ಇಲ್ಲಿ ಎಸ್, ಎರಡೂ ಎಂ ದೊಡ್ಡಕ್ಷರ. ಅದೇ ರೀತಿ 'ಝೂಮ್‌ಟು' ಬರೆದು ಆವರಣದಲ್ಲಿ 2, 3 ಎಂದು ಕೊಟ್ಟರೆ ಮೂರು ಸೆಕೆಂಡಿನಲ್ಲಿ ನೋಟ ಎರಡು ಡಿಗ್ರಿಗೆ ಬರುತ್ತದೆ. ಚಂದ್ರನ ಅಗಲ ಅರ್ಧ ಡಿಗ್ರಿ, ಹಾಗಾಗಿ ಪರದೆಯಲ್ಲಿ ಚೆನ್ನಾಗಿ ತುಂಬಿಕೊಳ್ಳುತ್ತಾನೆ.

ಟ್ರ್ಯಾಕಿಂಗ್ ಯಾಕೆ ಅಂದರೆ, ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಒಂದು ನಿಮಿಷವನ್ನು ಒಂದು ಸೆಕೆಂಡಿನಲ್ಲಿ ಓಡಿಸಿದರೆ ಚಂದ್ರ ಸೆಕೆಂಡಿಗೆ ಕಾಲು ಡಿಗ್ರಿಯಷ್ಟು ಜಾರುತ್ತಾನೆ. ಎರಡು ಡಿಗ್ರಿಯ ನೋಟದಲ್ಲಿ ನಡುವಿನಿಂದ ಅಂಚಿಗೆ ಹೋಗಲು ನಾಲ್ಕು ಸೆಕೆಂಡು ಸಾಕು. ಮಕ್ಕಳು ಕಣ್ಣು ಮಿಟುಕಿಸುವಷ್ಟರಲ್ಲಿ ಖಾಲಿ ಆಕಾಶ.

ಈಗ ಪಟ್ಟಿ. ಚೌಕ ಬ್ರಾಕೆಟ್‌ನೊಳಗೆ ಮೂರು ಸಾಲು ಬರೆಯಿರಿ, ಪ್ರತಿ ಸಾಲೂ ಮತ್ತೆ ಚೌಕ ಬ್ರಾಕೆಟ್‌ನಲ್ಲಿ. ಸಾಲಿನಲ್ಲಿ ಮೂರು ವಿಷಯ: ಶುರುವಿನ ಸಮಯ, ಕೊನೆಯ ಸಮಯ, ತೋರಿಸಬೇಕಾದ ಮಾತು. ಮಾತನ್ನು ಕನ್ನಡದಲ್ಲೇ ಬರೆಯಿರಿ. 'ಸ್ಪರ್ಶದಿಂದ ಸಮ್ಮೀಲನ: ರಾತ್ರಿ 9:57ರಿಂದ 11:01' ಎಂಬಂತೆ.

ಆಮೇಲೆ ಒಂದು 'ಫಾರ್' ಲೂಪ್, ಅಂದರೆ ಪಟ್ಟಿಯ ಒಂದೊಂದು ಸಾಲಿಗೂ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸುತ್ತು. ಪ್ರತಿ ಸಾಲಿಗೂ ಅದು ಇಷ್ಟು ಮಾಡಬೇಕು, ಇದೇ ಕ್ರಮದಲ್ಲಿ. ಹಳೆಯ ಬರಹ ಅಳಿಸಬೇಕು. 'ಸೆಟ್‌ಟೈಮ್‌ರೇಟ್' ಸೊನ್ನೆ ಮಾಡಿ ಗಡಿಯಾರ ನಿಲ್ಲಿಸಬೇಕು. 'ಸೆಟ್‌ಡೇಟ್' ಕೊಟ್ಟು ಶುರುವಿಗೆ ಹಾರಬೇಕು. ಹೊಸ ಬರಹ ಹಾಕಬೇಕು. 'ಸೆಟ್‌ಟೈಮ್‌ರೇಟ್' 60 ಮಾಡಬೇಕು. ಕೊನೆಗೆ 'ವೇಟ್‌ಫಾರ್' ಕೊಟ್ಟು, ಅವಧಿಯ ಕೊನೆಯ ಸಮಯ ಬರುವವರೆಗೆ ಕಾಯಿಸಬೇಕು. 'ವೇಟ್‌ಫಾರ್'ಗೂ 'ಲೋಕಲ್' ಬೇಕು, ಮರೆಯಬೇಡಿ.

ಕ್ರಮ ಯಾಕೆ ಮುಖ್ಯ? 'ವೇಟ್‌ಫಾರ್' ಈಗಿನ ವೇಗ ನೋಡಿ ಎಷ್ಟು ಹೊತ್ತು ಕಾಯಬೇಕು ಎಂದು ಲೆಕ್ಕ ಹಾಕುತ್ತದೆ. ವೇಗ ಸೊನ್ನೆ ಇದ್ದರೆ ಆ ಕ್ಷಣ ಎಂದೂ ಬರುವುದಿಲ್ಲ. ಆಗ ಅದು ಕಾಯುವುದೇ ಇಲ್ಲ, ಮುಂದಿನ ಸಾಲಿಗೆ ಹೋಗಿಬಿಡುತ್ತದೆ. ಹೇಳಿದ ಸಮಯ ಆಗಲೇ ಕಳೆದುಹೋಗಿದ್ದರೂ ಅಷ್ಟೇ. ಹಾಗಾಗಿ ವೇಗ ಮೊದಲು, ಕಾಯುವುದು ಆಮೇಲೆ. ಆಟ ನಡೆಯುವಾಗ ಯಾರೂ ಜೆ, ಕೆ, ಎಲ್ ಕೀಲಿ ಒತ್ತದ ಹಾಗೆ ನೋಡಿಕೊಳ್ಳಿ. ಅವು ಗಡಿಯಾರದ ವೇಗ ಬದಲಿಸುವ ಕೀಲಿಗಳು, ಒತ್ತಿದರೆ ಲೆಕ್ಕ ತಪ್ಪುತ್ತದೆ.

ವೇಗದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಎಷ್ಟೋ ಜನ 82 ನಿಮಿಷದ ಪೂರ್ಣ ಹಂತವನ್ನು ಬೇಗ ಓಡಿಸುತ್ತಾರೆ, ಅಲ್ಲಿ 'ಏನೂ ಆಗುವುದಿಲ್ಲ' ಅಂತ. ಪಾರ್ಶ್ವ ಹಂತವನ್ನು ನಿಧಾನ ಮಾಡುತ್ತಾರೆ. ಹಾಗೆ ಮಾಡಬೇಡಿ. ಮೂರೂ ಅವಧಿಗೆ ಒಂದೇ ವೇಗ ಇಡಿ, 60. ಆಗ ಒಂದು ನಿಮಿಷ ಒಂದು ಸೆಕೆಂಡಾಗುತ್ತದೆ. ಮಕ್ಕಳು ಬಾಯಲ್ಲಿ ಎಣಿಸಬಹುದು. ಮೊದಲ ಹಂತಕ್ಕೆ 64 ಎಣಿಸುತ್ತಾರೆ, ಎರಡನೆಯದಕ್ಕೆ 82. ಚಂದ್ರ ಕೆಂಪಾಗಿ ನಿಂತ ಆ ಹೊತ್ತು ಎಷ್ಟು ಉದ್ದ ಎಂದು ಅವರಿಗೆ ಮೈಯಲ್ಲೇ ಗೊತ್ತಾಗುತ್ತದೆ. ಒಟ್ಟು 209 ಸೆಕೆಂಡು, ಮೂರೂವರೆ ನಿಮಿಷ. ಅವಧಿ ತೋರಿಸುವುದು ಅಂದರೆ ಅದರ ಉದ್ದ ತೋರಿಸುವುದು. ಹಂತಕ್ಕೊಂದು ವೇಗ ಇಟ್ಟರೆ ಉದ್ದವೇ ಕಳೆದುಹೋಗುತ್ತದೆ.

ಇನ್ನು ಬರಹ. 'ಲೇಬಲ್‌ಎಂಜಿಆರ್' ಎಂಬ ಪದ, ಚುಕ್ಕಿ, 'ಲೇಬಲ್‌ಸ್ಕ್ರೀನ್'. ಮೊದಲ ಪದದಲ್ಲಿ ಎಲ್ ಮತ್ತು ಎಂ ದೊಡ್ಡಕ್ಷರ. ಆವರಣದಲ್ಲಿ ಮಾತು, ಎಡದಿಂದ ಎಷ್ಟು ಪಿಕ್ಸೆಲ್, ಮೇಲಿನಿಂದ ಎಷ್ಟು ಪಿಕ್ಸೆಲ್, 'ಟ್ರೂ', ಅಕ್ಷರದ ಗಾತ್ರ, ಬಣ್ಣ. ಹಿಂದಿನ ಬೆಂಚಿಗೆ ಕಾಣಬೇಕಾದರೆ ಗಾತ್ರ 30ಕ್ಕಿಂತ ಕಡಿಮೆ ಬೇಡ. ಅಳಿಸಲು ಅದೇ ಮೊದಲ ಪದದ ಮುಂದೆ 'ಡಿಲೀಟ್‌ಆಲ್‌ಲೇಬಲ್ಸ್'. ಅಳಿಸದಿದ್ದರೆ ಒಂದರ ಮೇಲೊಂದು ಬಿದ್ದು ಯಾವುದೂ ಓದಲು ಬರುವುದಿಲ್ಲ.

ನಾನು ಮಾಡುವ ಒಂದು ಉಪಾಯ ಹೇಳುತ್ತೇನೆ. ಬರೀ ಈಗಿನ ಹಂತ ತೋರಿಸಿದರೆ ಮುಂದೆ ಏನಿದೆ ಎಂದು ಮಕ್ಕಳಿಗೆ ತಿಳಿಯುವುದಿಲ್ಲ. ಬಸ್ ಸ್ಟ್ಯಾಂಡಿನ ವೇಳಾಪಟ್ಟಿ ಹಾಗೆ ಮೂರೂ ಸಾಲು ಯಾವಾಗಲೂ ಕಾಣುತ್ತಿರಲಿ, ಎಡಗಡೆ ಒಂದರ ಕೆಳಗೆ ಒಂದು. ನಡೆಯುತ್ತಿರುವುದು ಹಳದಿ, ಉಳಿದವು ಬೂದು. ಇದಕ್ಕೆ ಲೂಪಿನೊಳಗೆ ಇನ್ನೊಂದು ಚಿಕ್ಕ ಲೂಪ್ ಹಾಕಿ. ಒಳಗಿನ ಎಣಿಕೆ ಹೊರಗಿನ ಎಣಿಕೆಗೆ ಸಮವಾದರೆ ಹಳದಿ, ಇಲ್ಲದಿದ್ದರೆ ಬೂದು. ಹಳದಿಗೆ ಹ್ಯಾಶ್ ಚಿಹ್ನೆ, ನಾಲ್ಕು ಎಫ್, ಎರಡು ಸೊನ್ನೆ. ಬೂದಿಗೆ ಹ್ಯಾಶ್ ಮತ್ತು ಆರು ಸಲ 8. ಸಾಲುಗಳ ನಡುವೆ 50 ಪಿಕ್ಸೆಲ್ ಬಿಡಿ.

ಇನ್ನೊಂದು ಒಳ್ಳೆಯ ಸೌಲಭ್ಯ ಇದೆ. ಎಫ್4 ಒತ್ತಿ, ಗೆರೆ ಗುರುತುಗಳ ಪುಟದಲ್ಲಿ ಭೂಮಿಯ ನೆರಳಿನ ವೃತ್ತಗಳನ್ನು ಹಚ್ಚಿ. ದಟ್ಟ ನೆರಳಿಗೆ ಒಂದು, ತೆಳು ನೆರಳಿಗೆ ಒಂದು ವೃತ್ತ ಬರುತ್ತದೆ. ಚಂದ್ರ ಒಳಗಿನ ವೃತ್ತದ ಅಂಚು ಮುಟ್ಟಿದಾಗಲೇ ನಿಮ್ಮ ಮೊದಲ ಸಾಲು ಹಳದಿಯಾಗುತ್ತದೆ. ಮಕ್ಕಳು ಕಾರಣವನ್ನೂ ಸಮಯವನ್ನೂ ಒಟ್ಟಿಗೆ ನೋಡುತ್ತಾರೆ.

ಎರಡನೇ ಮತ್ತು ಮೂರನೇ ಸಾಲಿನಲ್ಲಿ ಒಂದು ಗುಂಡಿ ಇದೆ, ಅಲ್ಲಿ ಬೀಳಬೇಡಿ. ಉನ್ಮೀಲನ 12:23ಕ್ಕೆ. ಆಗ ತಾರೀಖು 8 ಆಗಿರುತ್ತದೆ. ಗ್ರಹಣ 7ರದ್ದು ಎಂಬ ಗುಂಗಿನಲ್ಲಿ 2025-09-07 ಎಂದು ಬರೆದು 00:23 ಹಾಕಿದರೆ ಅದು ಹಿಂದಿನ ರಾತ್ರಿಯಾಗುತ್ತದೆ. 'ವೇಟ್‌ಫಾರ್' ಅದು ಕಳೆದುಹೋದ ಸಮಯ ಎಂದು ತಿಳಿದು ಕಾಯದೆ ಹಾರುತ್ತದೆ. ಪೂರ್ಣ ಹಂತ ಮಿಂಚಿ ಮಾಯವಾದರೆ ಮೊದಲು ಈ ತಾರೀಖು ನೋಡಿ.

ನಡುರಾತ್ರಿಯ ಈ ತೊಂದರೆಗೆ ಖಗೋಳದವರು ಹಿಂದೆಯೇ ದಾರಿ ಮಾಡಿದ್ದಾರೆ. ಅದು ಜೂಲಿಯನ್ ದಿನ. ದಿನಗಳಿಗೆ ತಿಂಗಳು, ವರ್ಷ ಇಲ್ಲದೆ ಬರೀ ಓಡುವ ಸಂಖ್ಯೆ. ಅದು ಬದಲಾಗುವುದು ನಡುರಾತ್ರಿ ಅಲ್ಲ, ಗ್ರೀನ್‌ವಿಚ್‌ನ ಮಧ್ಯಾಹ್ನ 12ಕ್ಕೆ. ಅಂದರೆ ನಮ್ಮ ಸಂಜೆ 5:30ಕ್ಕೆ! ನಮ್ಮ ಇಡೀ ರಾತ್ರಿ ಒಂದೇ ಸಂಖ್ಯೆಯೊಳಗೆ ಕೂರುತ್ತದೆ. ಆ ಗ್ರಹಣದ ರಾತ್ರಿಯ ಸಂಖ್ಯೆ 2460926. ಸ್ಪರ್ಶ ಸುಮಾರು 2460926.1854, ಉನ್ಮೀಲನ ಸುಮಾರು 2460926.2868. ಪೂರ್ಣಾಂಕ ಬದಲಾಗಲೇ ಇಲ್ಲ ನೋಡಿ. 'ಸೆಟ್‌ಡೇಟ್' ಬದಲು 'ಸೆಟ್‌ಜೆಡೇ' ಬಳಸಿದರೆ ಈ ಸಂಖ್ಯೆಯನ್ನೇ ಕೊಡಬಹುದು. ಲೋಕಲ್, ಯುಟಿಸಿ ಎಂಬ ಗೊಂದಲವೂ ಇಲ್ಲ.

ಇದರಿಂದ ಇನ್ನೂ ಚೆಂದದ ಒಂದು ದಾರಿ ತೆರೆಯುತ್ತದೆ. ನಮ್ಮ ಹಳೆಯ ಗಣಿತಜ್ಞರು ಗ್ರಹಣದ ಪ್ರತಿ ಹಂತವನ್ನೂ ಬೇರೆ ಬೇರೆ ಲೆಕ್ಕ ಹಾಕುತ್ತಿರಲಿಲ್ಲ. ಮಧ್ಯ ಕಾಲ ಕಂಡುಹಿಡಿದು, ಅದರಿಂದ ಅರ್ಧ ಅವಧಿಯನ್ನು ಕಳೆಯುತ್ತಿದ್ದರು, ಕೂಡಿಸುತ್ತಿದ್ದರು. ಸ್ಪರ್ಶದಿಂದ ಮೋಕ್ಷದವರೆಗಿನ ಅರ್ಧಕ್ಕೆ ಸ್ಥಿತ್ಯರ್ಧ ಎಂದು ಹೆಸರು. ಪೂರ್ಣ ಹಂತದ ಅರ್ಧಕ್ಕೆ ಮರ್ದಾರ್ಧ. 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯ ತನ್ನ ಊರು ವಿಜ್ಜಡವಿಡ ಎನ್ನುತ್ತಾನೆ. ಅದು ನಿಮ್ಮ ವಿಜಯಪುರವೇ ಎನ್ನುವವರು ಬಹಳ ಇದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ. ಅವನ ಆ ಪುಸ್ತಕದಲ್ಲೂ ಚಂದ್ರಗ್ರಹಣಕ್ಕೆ ಬೇರೆಯೇ ಅಧ್ಯಾಯ ಇದೆ.

ನಮ್ಮ ಸ್ಕ್ರಿಪ್ಟಿಗೆ ಇದನ್ನೇ ಹಾಕಿ ನೋಡಿ. ಗ್ರಹಣದ ಮಧ್ಯ ಕಾಲ ರಾತ್ರಿ 11:42ರ ಹತ್ತಿರ. ಮರ್ದಾರ್ಧ 41 ನಿಮಿಷ. ಕಳೆದರೆ 11:01, ಕೂಡಿಸಿದರೆ 12:23. ಸ್ಥಿತ್ಯರ್ಧ ಸುಮಾರು 1 ಗಂಟೆ 45 ನಿಮಿಷ. ಕಳೆದರೆ 9:57, ಕೂಡಿಸಿದರೆ 1:27ರ ಹತ್ತಿರ. ನಿಮಿಷವನ್ನು 1440ರಿಂದ ಭಾಗಿಸಿದರೆ ಜೂಲಿಯನ್ ದಿನದ ಭಾಗ ಸಿಗುತ್ತದೆ. ಮೂರೇ ಮೂರು ಸಂಖ್ಯೆ ಕೊಟ್ಟರೆ ಮೂರೂ ಅವಧಿ ಹುಟ್ಟುತ್ತವೆ. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಬಲ್ಲರು. ಮಾಡಲಿ ಬಿಡಿ, ನೀವು ಟೈಪ್ ಮಾಡಿಕೊಡಬೇಡಿ. ಈ ದಾರಿಯಲ್ಲಿ 'ವೇಟ್‌ಫಾರ್' ಬದಲು 'ವೇಟ್' ಹಾಕಿ, ಸೆಕೆಂಡು ಕೊಡಿ. ವೇಗ 60 ಇರುವುದರಿಂದ 82 ನಿಮಿಷಕ್ಕೆ 82 ಸೆಕೆಂಡು.

ಶಾಲೆಯ ಅಂಗಳದಲ್ಲಿ ಆಕಾಶ ವೀಕ್ಷಣೆ ಇಟ್ಟಾಗಲೂ ಇದೇ ಪಟ್ಟಿ ನಡೆಯುತ್ತದೆ. ಆಗ ಪ್ರತಿ ಸಾಲಿಗೆ ನಾಲ್ಕನೇ ವಿಷಯವಾಗಿ ಆಕಾಶಕಾಯದ ಹೆಸರು ಸೇರಿಸಿ: ಚಂದ್ರ, ಶನಿ, ಕೃತ್ತಿಕೆ ಹೀಗೆ. ಅವಧಿಗಳ ನಡುವೆ ಬಿಡುವಿದ್ದರೆ ಪರದೆ ಒಮ್ಮೆಗೇ ಹಾರಿದ ಹಾಗೆ ಕಾಣುತ್ತದೆ. ಅಲ್ಲಿ 'ವಿರಾಮ' ಎಂಬ ಬರಹ ಹಾಕಿ ನಾಲ್ಕು ಸೆಕೆಂಡು 'ವೇಟ್' ಕೊಡಿ. ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಪೂರ್ತಿ ಕತ್ತಲಾಗಲು ಹತ್ತಿರ ಹತ್ತಿರ ಒಂದೂಕಾಲು ಗಂಟೆ ಬೇಕು. ಹಾಗಾಗಿ ಚಂದ್ರ, ಗ್ರಹಗಳನ್ನು ಮೊದಲ ಅವಧಿಗಳಿಗೆ ಇಡಿ, ಮಂಕಾದವನ್ನು ಕೊನೆಗೆ.

ಎಲ್ಲ ಸರಿಯಾದ ಮೇಲೆ ಕನ್ಸೋಲ್‌ನಲ್ಲೇ ಸೇವ್ ಮಾಡಿ. ಫೈಲ್ ಹೆಸರಿನ ಕೊನೆಗೆ ಚುಕ್ಕಿ, ಎಸ್‌ಎಸ್‌ಸಿ ಇರಬೇಕು. ಅದನ್ನು ನಿಮ್ಮ ಸ್ಟೆಲೇರಿಯಂ ಫೋಲ್ಡರಿನ ಸ್ಕ್ರಿಪ್ಟ್ಸ್ ಎಂಬ ಜಾಗದಲ್ಲಿಟ್ಟರೆ, ಎಫ್2 ಒತ್ತಿ ಸ್ಕ್ರಿಪ್ಟ್ ಪುಟದಿಂದ ಒಂದೇ ಕ್ಲಿಕ್ಕಿನಲ್ಲಿ ಶುರು ಮಾಡಬಹುದು. ಮಧ್ಯೆ ಕರೆಂಟ್ ಹೋದರೂ ಮತ್ತೆ ಟೈಪ್ ಮಾಡುವ ಕೆಲಸ ಇರುವುದಿಲ್ಲ. ಲೂಪ್ ಮುಗಿದ ಮೇಲೆ 'ಸೆಟ್‌ಟೈಮ್‌ರೇಟ್' ಸೊನ್ನೆ ಮಾಡುವ ಒಂದು ಸಾಲು ಬರೆಯಿರಿ, ಇಲ್ಲದಿದ್ದರೆ ಗಡಿಯಾರ ಅದೇ ವೇಗದಲ್ಲಿ ಓಡುತ್ತಲೇ ಇರುತ್ತದೆ.

2028ರ ಡಿಸೆಂಬರ್ 31ರ ರಾತ್ರಿ ಮತ್ತೊಂದು ಪೂರ್ಣ ಚಂದ್ರಗ್ರಹಣ ನಮಗೆ ಕಾಣುತ್ತದೆ. ಮಧ್ಯ ಸುಮಾರು 10:22ಕ್ಕೆ. ಮಳೆಗಾಲ ಅಲ್ಲ, ಆ ತಿಂಗಳು ನಿಮ್ಮ ಕಡೆ ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಇದೇ ಫೈಲಿನಲ್ಲಿ ಮಧ್ಯ ಕಾಲ ಮತ್ತು ಎರಡು ಅರ್ಧಗಳನ್ನು ಬದಲಿಸಿ, ವೇಗ 1 ಇಟ್ಟು, ಗೋಡೆಯ ಮೇಲೆ ಓಡಲು ಬಿಡಿ. ಆಗ ಎಂಟನೇ ತರಗತಿಗೆ ಬಂದಿರುವ ಮಕ್ಕಳು ಅಂಗಳದಲ್ಲಿ ನಿಂತು ಚಂದ್ರನನ್ನು ನೋಡಲಿ, ಯಾವ ಸಾಲು ಹಳದಿಯಾಗಿದೆ ಎಂದು ಒಬ್ಬರು ಒಳಗಿನಿಂದ ಕೂಗಿ ಹೇಳಲಿ.